ಮಂಡಿಯ ಕೆಳಗಿನ ದಿಂಬು

ಅಕ್ಕರೆಗೂ ಶಿಕ್ಷಣ ಬೇಕೆಂಬುದನ್ನು ನನಗೆ ಕಲಿಸಿದ್ದು ಒಂದು ದಿಂಬು.

ಹರಿಹರದಲ್ಲಿರುವ ನಮ್ಮ ಅವ್ವನಿಗೆ ಎರಡು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಬಲಮಂಡಿಯ ಕೀಲು ಬದಲಾಯಿಸಿದರು. ಸವೆದ ಮೂಳೆಯ ತುದಿಗಳನ್ನು ತೆಗೆದು ಲೋಹದ ಹೊದಿಕೆಯನ್ನೂ ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನೂ ಕೂರಿಸುವ ಈ ಚಿಕಿತ್ಸೆ ಈಗ ಅಪರೂಪದ್ದಲ್ಲ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು 2000ದಲ್ಲಿ ಒಂದು ಮಂಡಿಗೆ, 2001ರಲ್ಲಿ ಇನ್ನೊಂದಕ್ಕೆ ಇದನ್ನು ಮಾಡಿಸಿಕೊಂಡಿದ್ದರು. 2017ರಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ, ತೆರಿಗೆ ಬಿಟ್ಟು, 54,720 ರೂಪಾಯಿಯ ಮಿತಿ ಹಾಕಿತು.

ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಯದು. ಆಮೇಲಿನದು ರೋಗಿಯದು, ಮನೆಯವರದು. ಮನೆಗೆ ಕರೆತಂದ ರಾತ್ರಿ ಅವ್ವ ನರಳಿದಳು. ಮಂಡಿಯ ಕೆಳಗೆ ಮೆತ್ತನೆಯ ದಿಂಬನ್ನಿಟ್ಟೆ, ನೋವು ತಗ್ಗಿತು. ನಾಲ್ಕು ರಾತ್ರಿ ಹಾಗೆಯೇ ಕಳೆಯಿತು. ಐದನೆಯ ದಿನ ವ್ಯಾಯಾಮ ಮಾಡಿಸಲು ಬಂದ ಫಿಜಿಯೋಥೆರಪಿಸ್ಟ್ ಅದನ್ನೆಳೆದು ಹಿಮ್ಮಡಿಯ ಕೆಳಗಿಟ್ಟರು. "ಬಾಗಿದ ಮಂಡಿ ಹಾಗೆಯೇ ಬಿಗಿದುಕೊಂಡರೆ ಅಮ್ಮ ಮುಂದೆ ಕುಂಟಬೇಕಾದೀತು, ಸಾರ್" ಎಂದರು. ನಾನಿತ್ತ ಸುಖವೇ ಅವಳ ನಡಿಗೆಯನ್ನು ಕದಿಯುತ್ತಿತ್ತು!

ಅಂದು ನಾನು ಮತ್ತೆ ವಿದ್ಯಾರ್ಥಿಯಾದೆ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಅದು ಹಿಡಿದ ಮೇಲೆ ವ್ಯಾಯಾಮಕ್ಕೆ ಕೂರಿಸುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಂದ ಬಾವು ಇಳಿಸುವುದು. ಎಡವಿಸುವ ಜಮಖಾನೆಗಳನ್ನು ದಾರಿಯಿಂದ ಸುತ್ತಿಡುವುದು. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದು; ಇಳಿಯುವಾಗ ಚಿಕಿತ್ಸೆಯಾದ ಕಾಲು ಮುಂದು. ಮೀನಖಂಡ ಊದಿ ನೋಯತೊಡಗಿದರೆ, ಗಾಯ ಸೋರಿದರೆ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಉಸಿರಾಟ ಕಷ್ಟವಾದರೆ, ಎದೆ ನೋಯ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಇವೆಲ್ಲಕ್ಕಿಂತ ಕಠಿಣವಾದದ್ದು ಸುಮ್ಮನೆ ನಿಲ್ಲುವುದು. ಅವ್ವ ಹಲ್ಲುಕಚ್ಚಿ ಮಂಡಿ ಮಡಿಸುವಾಗ "ಸಾಕು ಬಿಡವ್ವ" ಎಂಬ ಮಾತು ನಾಲಗೆಯ ತುದಿಗೆ ಬರುತ್ತಿತ್ತು; ನುಂಗಿಕೊಳ್ಳುತ್ತಿದ್ದೆ. ಅವಳು ತಾನಾಗಿ ತೆಗೆದುಕೊಳ್ಳಬಲ್ಲ ನೀರಿನ ತಂಬಿಗೆಯನ್ನು ತಂದುಕೊಡದಿರುವುದೂ ಶುಶ್ರೂಷೆಯೆಂದು ನಾನೆಣಿಸಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ, ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯಕ್ಕೆ ಹೊರಟೆವು. ಅರ್ಧ ಹರಿ, ಅರ್ಧ ಹರನಾದ ಆ ಮೂರ್ತಿಯೆದುರು ಅವ್ವ ನಕ್ಕಳು: "ನಂದೂ ಈಗ ಎರಡು ಕೂಡಿದ ಮೈ ನೋಡಪ್ಪ!"

ಮರಳುವಾಗ ಮನೆಯ ಮೆಟ್ಟಿಲ ಬಳಿ ನಾನು ಅಭ್ಯಾಸಬಲದಿಂದ ಕೈಚಾಚಿದೆ. "ಇರಲಿ ಬಿಡಪ್ಪ" ಎಂದವಳು ಕೋಲೂರಿ, ಒಳ್ಳೆಯ ಕಾಲನ್ನು ಮೊದಲಿಟ್ಟು ಹತ್ತಿದಳು. ನಾನು ಒಂದು ಹೆಜ್ಜೆ ಹಿಂದೆ ನಿಂತಿದ್ದೆ.