303 ಹೊಡೆದವರಿಗೂ ಜಾಗವಿರಲಿಲ್ಲ

ಕ್ಯಾಂಪಸ್ ಸಂದರ್ಶನಗಳು ಶುರುವಾದವೆಂದರೆ ರಾಜರಾಜೇಶ್ವರಿನಗರದ ಪಿ.ಜಿ. ಬಾಲ್ಕನಿಗಳಲ್ಲಿ ಫಾರ್ಮಲ್ ಶರ್ಟ್‌ಗಳು ಒಣಗತೊಡಗುತ್ತವೆ. ಸುತ್ತಮುತ್ತ ಅಷ್ಟೊಂದು ಎಂಜಿನಿಯರಿಂಗ್ ಕಾಲೇಜುಗಳಿವೆ. ಸಂಜೆ ಆರ್ಚ್ ಕಡೆಯ ಬೇಕರಿಗಳ ಮುಂದೆ ಬೈ ಟು ಟೀ ಹಿಡಿದು ನಿಂತವರ ಮಾತು ಕೇಳಿಸಿಕೊಳ್ಳಿ. ‘ಮಚ್ಚಾ, ಎರಡನೇ ರೌಂಡಲ್ಲೇ ನಾನು ರಿಜೆಕ್ಟ್’ ಎನ್ನುತ್ತಾರೆ. ಅರ್ಜಿ ರಿಜೆಕ್ಟ್ ಆಯಿತು ಎಂದು ಯಾರ ಬಾಯಲ್ಲೂ ಬರುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರೇ ಜಾಣರು. ಹೆಣ್ಣು ನೋಡಲು ಬಂದು ಒಪ್ಪಿಗೆಯಾಗದಿದ್ದರೆ ‘ಜಾತಕ ಕೂಡಿ ಬರಲಿಲ್ಲ’ ಎಂದು ಹೇಳಿ ಕಳಿಸುತ್ತಿದ್ದರು. ಅದು ನೆಪವೆಂದು ಎರಡೂ ಮನೆಯವರಿಗೆ ಗೊತ್ತಿರುತ್ತಿತ್ತು. ಆದರೂ ತಪ್ಪು ಗ್ರಹಗಳ ಮೇಲೆ ಹೋಗುತ್ತಿತ್ತು, ಹುಡುಗಿಯ ಮೇಲಲ್ಲ. ಈಗಿನ ಕಂಪನಿಗಳ ಯಂತ್ರದ ಮೇಲ್‌ಗೆ ಅಷ್ಟು ದಾಕ್ಷಿಣ್ಯವೂ ಇಲ್ಲ.

‘ಇಷ್ಟಕ್ಕೆಲ್ಲ ಬೇಜಾರಾ?’ ಎನ್ನುವವರು ಒಂದು ವಿಷಯ ತಿಳಿಯಬೇಕು. 2003ರಲ್ಲಿ ಅಮೆರಿಕದ ಸಂಶೋಧಕರು ಕೆಲವರಿಗೆ ಕಂಪ್ಯೂಟರ್‌ನಲ್ಲಿ ಚೆಂಡು ಎಸೆಯುವ ಸಣ್ಣ ಆಟ ಆಡಿಸಿದರು. ಸ್ವಲ್ಪ ಹೊತ್ತಿನ ನಂತರ ಅವರಿಗೆ ಚೆಂಡು ಬರುವುದೇ ನಿಂತಿತು. ಆಗ ಅವರ ಮಿದುಳಿನ ಸ್ಕ್ಯಾನ್‌ನಲ್ಲಿ, ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗವೊಂದು ಚುರುಕಾದದ್ದು ಕಂಡಿತು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಇದೇ ಆಟವನ್ನು, ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿ ಆಡಿಸಿದರು. ಆಗಲೂ ಆಡಿದವರ ಆತ್ಮಗೌರವ ಕುಗ್ಗಿತು! ಹಾಗಾಗಿ ಯಂತ್ರ ಕಳಿಸಿದ ಮೇಲ್ ನೋಡಿ ಕಣ್ಣು ತುಂಬಿಕೊಂಡವರನ್ನು ನಗಬೇಡಿ.

ನೋವಾಗುವುದು ಸಹಜ. ಆದರೆ ಆ ನೋವು ಹೇಳುವುದೆಲ್ಲ ನಿಜವಲ್ಲ. ನಮ್ಮದೇ ಬೆಂಗಳೂರಿನಲ್ಲಿ ಬೆಳೆದ ಕರುಣ್ ನಾಯರ್ ಅವರನ್ನು ನೋಡಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಸೆಹ್ವಾಗ್ ಬಿಟ್ಟರೆ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯ ಇವರೊಬ್ಬರೇ. ಮುಂದಿನ ಟೆಸ್ಟ್ ಬಾಂಗ್ಲಾದೇಶದ ವಿರುದ್ಧ ಹೈದರಾಬಾದ್‌ನಲ್ಲಿ. ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿದರು, ಕರುಣ್ ಹೊರಗೆ ಕೂತರು. 303 ಹೊಡೆದವರು ಎರಡು ತಿಂಗಳಲ್ಲಿ ಆಟ ಮರೆತಿದ್ದರೇ? ಇದ್ದದ್ದು ಹನ್ನೊಂದೇ ಜಾಗ, ಅಷ್ಟೆ.

2017ರ ಮಾರ್ಚ್ ನಂತರ ಎಂಟು ವರ್ಷ ಅವರಿಗೆ ಟೆಸ್ಟ್ ಸಿಗಲಿಲ್ಲ. ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಎಂದು 2022ರ ಡಿಸೆಂಬರ್‌ನಲ್ಲಿ ಅವರು ಬಹಿರಂಗವಾಗಿಯೇ ಕೇಳಿಕೊಂಡರು. ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿದರು. ಫೈನಲ್‌ನಲ್ಲಿ ಅವರ ತಂಡ ಸೋತದ್ದು ಯಾರಿಗೆ ಗೊತ್ತೇ? ಕರ್ನಾಟಕಕ್ಕೆ!

2025ರಲ್ಲಿ ಭಾರತ ತಂಡಕ್ಕೆ ಮರಳಿ ಕರೆ ಬಂತು. ಸ್ಫೂರ್ತಿ ಭಾಷಣ ಮಾಡುವವರು ಕತೆಯನ್ನು ಇಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್ ಆಡಿ ಒಂದೇ ಅರ್ಧಶತಕ ಬಂದಿತು, ಮುಂದಿನ ಸರಣಿಗೆ ಮತ್ತೆ ಕೈಬಿಟ್ಟರು. ಈ ಸಲ ರನ್ ಕಡಿಮೆಯಿತ್ತು ನಿಜ. ಹಾಗಂತ ಚೆನ್ನೈನ ಆ 303 ದಾಖಲೆಯಿಂದ ಅಳಿಸಿಹೋಗಲಿಲ್ಲ.

ನನ್ನ ರೂಂಮೇಟ್, ಹಾಸನ ಕಡೆಯವನು. ಆರು ಕಂಪನಿ ಕೈತಪ್ಪಿದ ಮೇಲೆ ಮನೆಯ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಕೊನೆಗೆ ಅವನ ಅಕ್ಕ ನನ್ನ ಫೋನಿಗೆ ಮಾಡಿ, ಸ್ಪೀಕರ್ ಹಾಕಿಸಿ, ‘ಕೆಲಸ ಸಿಕ್ತಾ ಅಂತ ಕೇಳಲ್ಲ ಕಣೋ, ಊಟ ಆಯ್ತಾ ಅಂತ ಮಾತ್ರ ಕೇಳ್ತೀನಿ, ಫೋನ್ ಎತ್ತು’ ಎಂದರು. ಅವತ್ತಿನಿಂದ ದಿನಾ ರಾತ್ರಿ ಒಂಬತ್ತಕ್ಕೆ ಫೋನ್. ನಿಜಕ್ಕೂ ಊಟದ ಬಗ್ಗೆಯೇ ಮಾತು.

ಅಂಥ ಅಕ್ಕ ಇಲ್ಲದವರು, ಇದ್ದರೂ ಹೇಳಿಕೊಳ್ಳಲಾಗದವರು ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತನಾಡಬಹುದು.