ಲಾರಿ ಸ್ಟಾರ್ಟ್ ಆಗದಿದ್ದರೆ ಪಂಪಿನ ಮೇಲೇಕೆ ಅನುಮಾನ?

ಕೊಲ್ಹಾಪುರ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮಳೆಗಾಲವಿಡೀ ನಿಂತಲ್ಲೇ ನಿಂತಿದ್ದ ಹಳೆಯ ಲಾರಿಗಳನ್ನು ಮಾಲಕರು ಮತ್ತೆ ಎಬ್ಬಿಸುತ್ತಾರೆ. ಇಚಲಕರಂಜಿಯಿರಲಿ, ಗಡಹಿಂಗ್ಲಜವಿರಲಿ, ಗ್ಯಾರೇಜಿನಲ್ಲಿ ಕೇಳುವ ದೂರು ಒಂದೇ: ‘ಸೆಲ್ಫ್ ತಿರಗತೈತಿ, ಗಾಡಿ ಚಾಲೂ ಆಗವಲ್ದು.’ ದೂರಿನ ಬೆನ್ನಿಗೇ ತೀರ್ಪೂ ಬಂದುಬಿಡುತ್ತದೆ: ‘ಪಂಪ್ ಹೋಗೇತಿ.’ ಬಹಳ ಸಲ ಪಂಪಿಗೆ ಏನೂ ಆಗಿರುವುದಿಲ್ಲ. ಅದನ್ನು ಬಿಚ್ಚಿಸಿ ಕೊಲ್ಹಾಪುರದ ಉದ್ಯಮನಗರಕ್ಕೆ ಹೊತ್ತೊಯ್ಯುವ ಮೊದಲು ಕೆಲವು ನಂಬಿಕೆಗಳನ್ನು ಬಿಚ್ಚಿ ನೋಡುವುದು ಅಗ್ಗ.

‘ಇಗ್ನಿಷನ್ ಕೆಟ್ಟಿದೆ, ಕಿಡಿ ಬರುತ್ತಿಲ್ಲ’

ಡೀಸೆಲ್ ಲಾರಿಯಲ್ಲಿ ಬರಲು ಕಿಡಿಯೇ ಇಲ್ಲ. ಕಾಯಿಲ್, ಡಿಸ್ಟ್ರಿಬ್ಯೂಟರ್, ಸ್ಪಾರ್ಕ್ ಪ್ಲಗ್ ಇವೆಲ್ಲ ಪೆಟ್ರೋಲ್ ಎಂಜಿನ್ನಿನ ಸಂಸಾರ. ಬೆಡ್‌ಫೋರ್ಡ್, ಫಾರ್ಗೋಗಳಂಥ ಪೆಟ್ರೋಲ್ ಲಾರಿಗಳು ಓಡುತ್ತಿದ್ದ ಕಾಲದ ಮಾತು ಇನ್ನೂ ಬಾಯಲ್ಲಿ ಉಳಿದಿದೆ, ಅಷ್ಟೆ. ಟಾಟಾ 1210ರಂಥ ಗಾಡಿಯ 697 ಎಂಜಿನ್ನಿನಲ್ಲಿ (ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್) ಪಿಸ್ಟನ್ ಗಾಳಿಯನ್ನು ಸುಮಾರು ಹದಿನೇಳನೇ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರರ್ಧ ಸಾಕು. 1954ರಲ್ಲಿ ಜಮ್ಷೆಡ್‌ಪುರದಿಂದ ಹೊರಬಂದ ಮೊದಮೊದಲ ಟಾಟಾ-ಮರ್ಸಿಡಿಸ್ ಲಾರಿಗಳಲ್ಲಿ ಹೀಟರ್ ಪ್ಲಗ್ ಇರುತ್ತಿತ್ತು. ಅದು ತಣ್ಣಗಿನ ಎಂಜಿನ್ನನ್ನು ಬೆಚ್ಚಗೆ ಮಾಡುವುದಕ್ಕೆ, ಕಿಡಿ ಹಾರಿಸುವುದಕ್ಕಲ್ಲ.

ಹಳೆಯ ಲಾರಿಯ ಕೀಲಿಗೂ ಎಂಜಿನ್ ಓಡುವುದಕ್ಕೂ ನಂಟು ಕಡಿಮೆ. ಕೀಲಿ ಸೆಲ್ಫ್ ತಿರುಗಿಸುವುದಕ್ಕೆ; ಎಂಜಿನ್ ನಿಲ್ಲಿಸಲು ಡ್ಯಾಶಿನಲ್ಲಿರುವ ಗುಂಡಿ ಎಳೆಯಬೇಕು. ಆ ಗುಂಡಿಯ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡರೆ ಪಂಪ್ ಡೀಸೆಲ್ ಬಿಡುವುದೇ ಇಲ್ಲ. ಮಳೆಗಾಲ ನಿಂತ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ: ಒಬ್ಬರು ಗುಂಡಿ ಒತ್ತಲಿ, ಇನ್ನೊಬ್ಬರು ಪಂಪಿನ ಮೇಲಿನ ಲಿವರ್ ಪೂರ್ತಿ ಹಿಂದಕ್ಕೆ ಬಂತೇ ಎಂದು ಕಣ್ಣಾರೆ ನೋಡಲಿ. ಬ್ಯಾಟರಿ ಅಡ್ಡ ಬರುವುದು ಬೇರೆ ದಾರಿಯಲ್ಲಿ. ಸೆಲ್ಫ್ ಮೆಲ್ಲಗೆ ಹೊರಳಿದರೆ ಒತ್ತಿದ ಗಾಳಿ ಪಿಸ್ಟನ್ ರಿಂಗುಗಳ ಸಂದಿನಲ್ಲಿ ಸೋರಿ, ಶಾಖ ಏರುವುದೇ ಇಲ್ಲ.

‘ಹೊರಗೆ ಡೀಸೆಲ್ ಒಸರುತ್ತಿಲ್ಲ, ಅಂದಮೇಲೆ ಲೀಕ್ ಇಲ್ಲ’

ಅತಿ ಹೆಚ್ಚು ದುಡ್ಡು ತಿಂದಿರುವ ನಂಬಿಕೆ ಇದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ನುಗ್ಗುವುದಿಲ್ಲ, ಅದನ್ನು ಎಳೆದುಕೊಳ್ಳಲಾಗುತ್ತದೆ. ಎಳೆತವಿರುವಲ್ಲಿ ಸಣ್ಣ ಬಿರುಕು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪೈಪ್ ಒಣಗಿಯೇ ಇರುತ್ತದೆ, ಗಾಡಿ ಮಾತ್ರ ದಿನಾ ಬೆಳಿಗ್ಗೆ ಏರ್ ಹಿಡಿಯುತ್ತದೆ. ದ್ರವದಂತೆ ಗಾಳಿ ಒತ್ತಡವನ್ನು ಮುಂದಕ್ಕೆ ದಾಟಿಸುವುದಿಲ್ಲ, ತಾನೇ ಕುಗ್ಗಿಬಿಡುತ್ತದೆ. ನೋಜಲ್ ಬಾಯಿ ಬಿಡಲು ಸುಮಾರು 200 ಬಾರ್ ಒತ್ತಡ ಬೇಕು. ಗುಳ್ಳೆ ಸೇರಿಕೊಂಡ ಪೈಪಿನಲ್ಲಿ ಅದು ಹುಟ್ಟುವುದೇ ಇಲ್ಲ.

ಏರ್ ತೆಗೆಯುವ ಕೆಲಸ ಕ್ಲೀನರ್ ಹುಡುಗನಿಗೂ ಗೊತ್ತು, ಅನುಕ್ರಮ ಮಾತ್ರ ಹಲವರಿಗೆ ತಪ್ಪುತ್ತದೆ. ಟ್ಯಾಂಕಿಗೆ ಹತ್ತಿರವಿರುವುದು ಮೊದಲು, ಎಂಜಿನ್ನಿಗೆ ಹತ್ತಿರವಿರುವುದು ಕೊನೆಗೆ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಹ್ಯಾಂಡ್ ಪ್ರೈಮರನ್ನು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಕಡ್ಡಿಯಂತೆ ತಿಳಿ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ನೋಜಲ್ ಪೈಪಿನ ನಟ್ಟು. ಮರುದಿನ ಮತ್ತೆ ಏರ್ ಹಿಡಿದರೆ ಪೈಪಿನ ಬೋಲ್ಟುಗಳ ತಾಮ್ರದ ವಾಷರ್ ನೋಡಿ. ಒಮ್ಮೆ ಅಮುಕಿಸಿಕೊಂಡು ಗಟ್ಟಿಯಾದ ವಾಷರನ್ನೇ ನಾಲ್ಕಾರು ಸಲ ಹಾಕಿರುತ್ತಾರೆ. ಚಿಲ್ಲರೆ ದುಡ್ಡಿನ ಸಾಮಾನಿಗಾಗಿ ಸಾವಿರಾರು ರೂಪಾಯಿಯ ಪಂಪ್ ಇಳಿಸುವುದು ಯಾವ ಲೆಕ್ಕ?

‘ಸಪಾಟಿನಲ್ಲಿ ಚೆನ್ನಾಗಿದೆ, ಏರಿನಲ್ಲಿ ಮಾತ್ರ ದಮ್ಮಿಲ್ಲ. ಎಂಜಿನ್ ಮುದಿಯಾಯಿತು’

ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿಯ ಕಡೆ ಹೋಗಿಬರುವ ಗಾಡಿಗಳ ಬಗ್ಗೆ ಈ ಮಾತು ಬರುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ. ಅರ್ಧ ಮುಚ್ಚಿದ ಫಿಲ್ಟರ್ ಸಪಾಟಿಗೆ ಸಾಕಾಗುವಷ್ಟು ಕೊಡುತ್ತದೆ, ಏರಿಗೆ ಕೊಡಲಾರದು. ಎಂಜಿನ್ನಿನ ವಯಸ್ಸು ಎಣಿಸುವ ಮೊದಲು ಫಿಲ್ಟರ್ ಬದಲಿಸಿ.

ಇನ್ನೊಂದು ತಮಾಷೆಯ ಕಾರಣವಿದೆ. ಟ್ಯಾಂಕಿನ ಮುಚ್ಚಳ ಕಳೆದಿರುತ್ತದೆ, ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದು ಟ್ಯೂಬಿನ ರಬ್ಬರ್ ಸುತ್ತಿರುತ್ತಾರೆ. ಡೀಸೆಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಅಸಲಿ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಚೀಲದಲ್ಲಿ ಎಲ್ಲಿಯ ತೂತು? ಕೆಲವು ಮೈಲಿ ಓಡಿದ ಮೇಲೆ ಚೀಲ ಒಳಕ್ಕೆ ಕುಳಿಬಿದ್ದು ಗಾಡಿ ನಿಲ್ಲುತ್ತದೆ. ರಬ್ಬರ್ ಬಿಚ್ಚಿದರೆ ಉಸ್ಸೆಂದು ಗಾಳಿ ನುಗ್ಗಿ, ಗಾಡಿ ಮತ್ತೆ ಚಾಲೂ. ಇದನ್ನು ದೃಷ್ಟಿ ತಾಕಿದ್ದು ಎಂದುಕೊಂಡು ಲಿಂಬೆಹಣ್ಣು ಕಟ್ಟಿದರೆ ಲಿಂಬೆಯವನಿಗೆ ಮಾತ್ರ ಲಾಭ.

‘ಪಂಪ್ ಏರಿಸಿದರೆ ಗಾಡಿಗೆ ಜೋರು. ಕಪ್ಪು ಹೊಗೆ ಬಂದರೆ ಜೋರಿದೆ ಎಂದೇ ಅರ್ಥ’

ಹಂಗಾಮಿನಲ್ಲಿ ಹೇರು ಹೆಚ್ಚಿಸಲು ಪಂಪಿನ ಸ್ಕ್ರೂ ತಿರುಗಿಸುವುದು ಗುಟ್ಟೇನಲ್ಲ. ಕಪ್ಪು ಹೊಗೆಯೆಂದರೆ ಸುಡದೆ ಉಳಿದ ಇಂಗಾಲ, ಅಂದರೆ ನೀವು ದುಡ್ಡು ಕೊಟ್ಟು ತಂದ ಡೀಸೆಲ್. ಗಾಳಿ ಇದ್ದಷ್ಟೇ ಇರುವಾಗ ಡೀಸೆಲ್ ಮಾತ್ರ ಹೆಚ್ಚಿಸಿದರೆ ಬಲ ಸ್ವಲ್ಪ ಏರಬಹುದು. ಅದಕ್ಕಿಂತ ಬೇಗ ಏರುವುದು ಪಿಸ್ಟನ್, ವಾಲ್ವುಗಳ ಶಾಖ. ಸ್ಕ್ರೂ ಮುಟ್ಟದೆಯೇ ಹೊಗೆ ಕಪ್ಪಾಗಿದ್ದರೆ ಏರ್ ಕ್ಲೀನರ್ ಬಿಚ್ಚಿ: ಹಳೆಯ ಗಾಡಿಗಳಲ್ಲಿ ಅದರ ತಳದಲ್ಲಿ ಆಯಿಲ್ ಇರುತ್ತದೆ, ಧೂಳು ಕುಡಿದು ಅದು ಕೆಸರಾಗಿರುತ್ತದೆ. ಬಿಳಿ ಹೊಗೆ ಹೊತ್ತಿಕೊಳ್ಳದ ಡೀಸೆಲ್‌ನದು, ಕಾರಣ ನೋಜಲ್, ಟೈಮಿಂಗ್ ಅಥವಾ ಕುಂದಿದ ಕಂಪ್ರೆಷನ್. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಬಿಳಿ ಹೊಗೆ ಕಂಡು ‘ಚಳಿಗೆ ಡೀಸೆಲ್ ಗಟ್ಟಿಯಾಗಿದೆ, ಸೀಮೆಎಣ್ಣೆ ಬೆರೆಸು’ ಎನ್ನುವವರಿದ್ದಾರೆ. ಡೀಸೆಲ್ ಗಟ್ಟಿಯಾಗುವ ಚಳಿ ಲಡಾಖಿನದು. ಅಲ್ಲಿಗೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೆ ಹರಿಯುವ ಡೀಸೆಲ್ ತಂದಿತು. ಕೊಲ್ಹಾಪುರದ ಚಳಿಗೆ ಅದರ ಹಂಗಿಲ್ಲ. ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಕಿರಿದು. ಅಲ್ಲಿ ಜಾರಿಸುವ ಎಣ್ಣೆ ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ನಿಜವಾಗಿ ಪಂಪ್ ಹಾಳುಮಾಡುವುದು ಈ ಉಳಿತಾಯವೇ.

‘ಈಗಿನ ಡೀಸೆಲ್ ಹಳೆಯ ಗಾಡಿಗೆ ಆಗುವುದಿಲ್ಲ’

2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ಡೀಸೆಲ್. ಅದರಲ್ಲಿ ಗಂಧಕ ದಶಲಕ್ಷಕ್ಕೆ 10 ಪಾಲು, ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವಾಗ ಜಿಡ್ಡೂ ಕಡಿಮೆಯಾಗುವುದು ನಿಜ. ಅದಕ್ಕೇ ಸವಕಳಿ ತಡೆಯುವ ಗುಣಕ್ಕೆ ಮಾನಕದಲ್ಲೇ ಮಿತಿ ಇಟ್ಟಿದ್ದಾರೆ, ಶುದ್ಧೀಕರಣ ಘಟಕಗಳು ಬೇಕಾದ ದ್ರಾವಣ ಸೇರಿಸಿಯೇ ಕಳಿಸುತ್ತವೆ. ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಎಥೆನಾಲ್ ತಯಾರಿಸುವುದರಿಂದ ಅದು ಡೀಸೆಲ್ಲಿಗೂ ಬೀಳುತ್ತದೆಂಬ ಗುಮಾನಿ ಈ ಭಾಗದಲ್ಲಿ ಸಹಜ. ಬಂಕಿನಲ್ಲಿ ಅದು ಬೆರೆಯುವುದು ಪೆಟ್ರೋಲಿಗೆ. ಇನ್ನು ಹೊಸ ಲಾರಿಗಳಿಗೆ ಹಾಕುವ ‘ಯೂರಿಯಾ’ ನೀರನ್ನು ಹಳೆಯ ಗಾಡಿಯ ಟ್ಯಾಂಕಿಗೆ ಸುರಿಯುವ ಸಾಹಸ ಬೇಡ. ಅದರಲ್ಲಿ ಮೂರರಲ್ಲೆರಡು ಪಾಲು ನೀರೇ ಇದೆ.

‘ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ’

ಗೇರಿನಲ್ಲೇ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಳೆಯ ಪಂಪಿನ ಗವರ್ನರ್ ಕೂಡ ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿ ಎಂಜಿನ್ ಐಡಲ್ ಓಡಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಹೋಗುವುದು ಎಂಜಿನ್ನಿನ ಹಿಡಿತ, ಬ್ರೇಕಿನ ಲೈನರ್, ಕೆಲವೊಮ್ಮೆ ಜೀವ.

ಕೊನೆಯದಾಗಿ, ಒಂದೊಂದೇ ನೋಜಲ್ ಪೈಪ್ ಸಡಿಲಿಸಿ ಕೆಟ್ಟ ಸಿಲಿಂಡರ್ ಹುಡುಕುವವರಿಗೆ ಒಂದು ಮಾತು. ಯಾವುದನ್ನು ಸಡಿಲಿಸಿದರೂ ಎಂಜಿನ್ ಸದ್ದು ಬದಲಾಗಬೇಕು, ಬದಲಾಗದ್ದೇ ಕೆಟ್ಟದ್ದು. ಈ ಪರೀಕ್ಷೆ ಸರಿಯಾದದ್ದೇ. ಆದರೆ ಚಿಮ್ಮುವ ಡೀಸೆಲ್ಲಿಗೆ ಬೆರಳು ಒಡ್ಡಬೇಡಿ. ಆ ಒತ್ತಡದ ಎಳೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಅರಿಶಿನ ಹಚ್ಚಿ ಕೂರದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ. ತಡಮಾಡಿದವರು ಬೆರಳು ಕಳೆದುಕೊಳ್ಳುವುದುಂಟು.