ಪಿರುಲ್ ಹಾಸಿದ ಇಳಿಜಾರು

ಮೇ ತಿಂಗಳ ನೆತ್ತಿಬಿಸಿಲಲ್ಲಿ, ಉತ್ತರಾಖಂಡದ ಅಲ್ಮೋರಾದಿಂದ ಬಿನ್ಸರ್ ಕಡೆಗೆ ಏರುವ ರಸ್ತೆಯಲ್ಲೆಲ್ಲಾದರೂ ಇಳಿದು ನಿಂತರೆ ಮೊದಲು ಮೂಗಿಗೆ ಬಡಿಯುವುದು ರಾಳದ ವಾಸನೆ. ಚೀಡ್ ಪೈನ್ ಮರಗಳ ಬುಡದಲ್ಲಿ ತೊಗಟೆ ಕೆತ್ತಿ ಸಿಕ್ಕಿಸಿದ ಬಟ್ಟಲುಗಳಿಗೆ ಲೀಸಾ ಎನ್ನುವ ಈ ರಾಳ ಅಂಟಂಟಾಗಿ ಇಳಿಯುತ್ತಿರುತ್ತದೆ. ಗಾಳಿ ಸುಯ್ಯೆಂದಾಗಲೆಲ್ಲ ಒಣಗಿದ ಸೂಜಿಯೆಲೆಗಳು ಮೂರು ಮೂರರ ಜೊಂಪೆಯಾಗಿ ಉದುರಿ, ಆಗಲೇ ಪಾದ ಮುಳುಗುವಷ್ಟು ಬಿದ್ದಿರುವ ಪಿರುಲ್ ರಾಶಿಗೆ ಸೇರುತ್ತವೆ. ಒಂದೊಂದೂ ಗೇಣುದ್ದ. ಚಪ್ಪಲಿ ಮೆಟ್ಟಿ ಅದರ ಮೇಲೆ ಇಳಿಯಹೋದವರು ಜಾರಿ ಕೂರುವುದು ಖಂಡಿತ.

ಕೂತದ್ದೇ ಆಯಿತು, ಹಾಗೇ ಪಿರುಲ್ ಸರಿಸಿ ನೋಡಿ. ಮೇಲಿನದು ಹೊಂಬಣ್ಣ, ಗರಿಗರಿ, ಅದರಡಿಯದು ಕಂದು, ಇನ್ನೂ ಕೆಳಗೆ ಬೂದುಬಣ್ಣದ ಚೂರುಗಳ ನಡುವೆ ಬಿಳಿ ಎಳೆಎಳೆಯಾಗಿ ಹಬ್ಬಿದ ಶಿಲೀಂಧ್ರ. ಕಪ್ಪು ಮಣ್ಣು ಎನ್ನುವಂಥದ್ದು ತೆಳು ಪದರವಷ್ಟೆ. ಅದರ ಕೆಳಗಿನದು ತಿಳಿಗಂದು, ಕಲ್ಲುಹರಳಿನ, ಮುಷ್ಟಿ ಬಿಗಿದರೂ ಉಂಡೆಯಾಗದೆ ಸೋರುವ ಮಣ್ಣು. ಕೊಂಚ ಹುಳಿ ಗುಣದ್ದು, ಸಾರಜನಕ ಕಡಿಮೆ.

ಕಡಿಮೆ ಯಾಕೆಂದರೆ ಮರವೇ ಜಿಪುಣ. ಎಲೆ ಉದುರಿಸುವ ಮುನ್ನ ಅದರಲ್ಲಿರುವ ಸಾರಜನಕದ ಒಳ್ಳೆಯ ಪಾಲನ್ನು ಒಳಗೆಳೆದುಕೊಂಡು ನಾರು, ರಾಳಗಳನ್ನೇ ಹೆಚ್ಚಾಗಿ ನೆಲಕ್ಕೆ ಬಿಡುತ್ತದೆ. ಅದನ್ನು ಕೊಳೆಯಿಸಹೊರಟ ಸೂಕ್ಷ್ಮಜೀವಿಗಳು ತಮ್ಮ ಹೊಟ್ಟೆಪಾಡಿಗೆ ಮಣ್ಣಿನಲ್ಲಿದ್ದ ಅಷ್ಟಿಷ್ಟನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಬಾಂಜ್ ಓಕಿನ ಸಸಿಗೆ ಇಲ್ಲಿ ಏಳಿಗೆಯಿಲ್ಲ. ಚೀಡ್ ಅಷ್ಟರಲ್ಲೇ ತೂಗಿಸುತ್ತದೆ. ತೂಗಿಸುವುದೇನು, ಒಳ್ಳೆಯ ಕಾಡಾದರೆ ವರ್ಷಕ್ಕೆ ಹೆಕ್ಟೇರಿಗೆ 10 ಟನ್ನಿಗೂ ಮಿಕ್ಕಿ ಒಣತೂಕ ಬೆಳೆಯುತ್ತದೆ. ಮಣ್ಣು ನೋಡಿ ಬೆಳೆ ಅಂದಾಜು ಮಾಡುವ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ.

2,000 ಮೀಟರಿನ ಆಸುಪಾಸಿಗೆ ಏರುತ್ತಲೂ ಬಾಂಜ್ ಶುರು: ನೆರಳು, ಪಾಚಿ, ಒದ್ದೆಯ ಕಪ್ಪು ಮಣ್ಣು. ಇದನ್ನು ಕಂಡವರು ನೌಲಾ, ಅಂದರೆ ಒರತೆ ನೀರಿನ ಪುಟ್ಟ ಕಲ್ಲುಕಟ್ಟೆ, ಬತ್ತಿದ್ದಕ್ಕೂ ಬೇಸಿಗೆಯ ಬೆಂಕಿಗೂ ಚೀಡನ್ನೇ ಬೈಯುತ್ತಾರೆ. ಬೆಂಕಿಯ ಮಾತು ನಿಜ. ಪಿರುಲ್ ಹೊತ್ತಿದರೆ ಸಾರಜನಕ ಹೊಗೆಯಾಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಶನ್ನು ಮುಂಗಾರು ಇಳಿಜಾರಿನಿಂದ ತೊಳೆದೊಯ್ಯುತ್ತದೆ. ಆದರೆ ಬಾಂಜ್ ಕಡಿದು, ದನ ಮೇಯಿಸಿ, ಸವೆದ ಗುಡ್ಡಕ್ಕೆ ಮೊದಲು ಬಂದು ಬೇರೂರುವುದೂ ಇದೇ ಚೀಡ್ ತಾನೆ?

ಇಲ್ಲಿನ ಹಳ್ಳಿಗಳ ಹೆಂಗಸರಿಗೆ ಈ ತಕರಾರಿಗೆಲ್ಲ ಪುರಸೊತ್ತಿಲ್ಲ. ಪಿರುಲ್ ಬಾಚಿ, ಹಗ್ಗ ಬಿಗಿದು, ಮುಖವೇ ಕಾಣದಷ್ಟು ದೊಡ್ಡ ಹೊರೆ ಹೊತ್ತು ಇಳಿಯುತ್ತಾರೆ. ಮಲೆನಾಡಿನ ಕೊಟ್ಟಿಗೆಗೆ ಸೊಪ್ಪು ಹಾಸುವಂತೆ ಇಲ್ಲಿ ಅದನ್ನೇ ಹಾಸುತ್ತಾರೆ. ಸಗಣಿ, ಗಂಜಲದಲ್ಲಿ ನೆನೆದು ಗೊಬ್ಬರವಾಗಿ ಹೊಲ ಸೇರುವ ಹೊತ್ತಿಗೆ, ಮರ ಕೊಡದ ಸಾರಜನಕವನ್ನು ಎಮ್ಮೆ ಕೊಟ್ಟಿರುತ್ತದೆ.